ಎರಡು ಆನೆ, ಒಂದು ಶಂಖ: ಕೇರಳದ ಹಳೆಯ ಕಟ್ಟಡಗಳಲ್ಲಿ ರಾಜಲಾಂಛನಗಳ ಹುಡುಕಾಟ

ಎರ್ನಾಕುಳಂ ಬಸ್ ನಿಲ್ದಾಣದಲ್ಲಿ ಇಳಿದ ಕನ್ನಡಿಗರಿಗೆ ಒಂದು ಗೊಂದಲ ತಪ್ಪದೆ ಎದುರಾಗುತ್ತದೆ. ಬೆಂಗಳೂರಿನಿಂದ ಬಂದ ಬಸ್ಸಿನ ಮೇಲೂ ಕೆಎಸ್ಸಾರ್ಟಿಸಿ, ತಿರುವನಂತಪುರಕ್ಕೆ ಹೊರಟ ಬಸ್ಸಿನ ಮೇಲೂ ಕೆಎಸ್ಸಾರ್ಟಿಸಿ. ಅಕ್ಷರ ಒಂದೇ. ಆದರೆ ಒಂದರ ಮೈಮೇಲೆ ಎರಡು ತಲೆಯ ಹಕ್ಕಿ, ಇನ್ನೊಂದರ ಮೈಮೇಲೆ ಎರಡು ಆನೆ. ಯಾವುದು ನಮ್ಮದು, ಯಾವುದು ಅವರದು ಎಂದು ಹೇಳುವುದು ಹೆಸರಲ್ಲ, ಲಾಂಛನ.

ಈ ಹೆಸರಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳವಾಡಿದ್ದು ಓದುಗರಿಗೆ ನೆನಪಿರಬಹುದು. ಕೇರಳದವರು ತಮ್ಮ ಸಾರಿಗೆಯ ಮೂಲವನ್ನು 1938ರಲ್ಲಿ ತಿರುವಾಂಕೂರು ಮಹಾರಾಜ ಚಿತ್ತಿರ ತಿರುನಾಳ್ ಆರಂಭಿಸಿದ ಸರಕಾರಿ ಬಸ್ಸಿಗೆ ಒಯ್ಯುತ್ತಾರೆ. ನಮ್ಮವರು 1948ರ ಮೈಸೂರು ಸರಕಾರದ ಸಾರಿಗೆ ಇಲಾಖೆಯನ್ನು ತೋರಿಸುತ್ತಾರೆ. ಕರ್ನಾಟಕ ನಿಗಮವು ಕೆಎಸ್ಸಾರ್ಟಿಸಿ ಎಂಬ ಹೆಸರಿಗೂ, ಗಂಡಭೇರುಂಡದ ಚಿತ್ರಕ್ಕೂ ಟ್ರೇಡ್ ಮಾರ್ಕ್ ಪಡೆದಿತ್ತು. ಕೇರಳ ಅದನ್ನು ಪ್ರಶ್ನಿಸಿತು. 2021ರಲ್ಲಿ 'ಕೇರಳಕ್ಕೆ ಜಯ' ಎಂಬ ಸುದ್ದಿ ಹರಡಿ ನಮ್ಮ ಕಡೆ ಸಾಕಷ್ಟು ಬೇಸರವೂ ಆಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿದ ಬಳಿಕ ಕರ್ನಾಟಕವೂ ಆ ಹೆಸರನ್ನು ನಿರಾತಂಕವಾಗಿ ಬಳಸುವಂತಾಗಿದೆ.

ಜಗಳ ಐದು ಅಕ್ಷರಗಳದ್ದೆಂದು ಕಂಡರೂ ಅದರ ಹಿಂದೆ ನಿಂತಿದ್ದವರು ಹಳೆಯ ಮೂವರು ಮಹಾರಾಜರು. ಆನೆಯೂ ಶಂಖವೂ ತಿರುವಾಂಕೂರಿನಿಂದ ಬಂದದ್ದು, ಪಲ್ಲಕ್ಕಿ-ದೀಪ-ಛತ್ರಿ ಕೊಚ್ಚಿಯದ್ದು, ಗಂಡಭೇರುಂಡ ಮೈಸೂರಿನದ್ದು. ರಾಜರು ಹೋದರೂ ಅವರ ಚಿಹ್ನೆಗಳು ಸರಕಾರದ ಕಾಗದದ ಮೇಲೆ, ಬಸ್ಸಿನ ಮೇಲೆ ಉಳಿದವು. ಆದರೆ ಇವುಗಳ ಕಥೆಯನ್ನು ಒಂದೆಡೆ ಕೂಡಿಸಿ ಹೇಳುವ ಲಾಂಛನ ಸಂಗ್ರಹಾಲಯ ಬೇಕೆಂದು ನಮ್ಮ ಕಡೆ ಯಾರೂ ಗಟ್ಟಿಯಾಗಿ ಕೇಳಿದ್ದಿಲ್ಲ. ಹಾಗೆಂದು ಸಾಮಗ್ರಿ ಇಲ್ಲವೆಂದಲ್ಲ. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ವಸ್ತುಸಂಗ್ರಹಾಲಯಗಳಾಗಿ ಬದಲಾದ ಹಳೆಯ ಕಟ್ಟಡಗಳನ್ನು ಸುತ್ತಿದರೆ ಅದು ಚೂರುಚೂರಾಗಿ ಸಿಗುತ್ತದೆ. ನಮ್ಮ ಮುಂಬಯಿಯ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಗುರುವಾಯೂರು, ಅನಂತಪದ್ಮನಾಭ, ಕನ್ಯಾಕುಮಾರಿ ಎಂದು ಪ್ರವಾಸ ಹೊರಡುವುದುಂಟು. ದೇವರ ದರ್ಶನದ ನಡುವಿನ ಒಂದೆರಡು ಗಂಟೆಯನ್ನು ಹೇಗೆ ಬಳಸಬಹುದು ಎಂಬ ದೃಷ್ಟಿಯಿಂದಲೂ ಈ ಲೇಖನ.

ಶಂಖ ಯಾರದು?

ತಿರುವಾಂಕೂರಿನ ಲಾಂಛನ ಬಲಮುರಿ ಶಂಖ. ಕೆಂಪು ಬಾವುಟದ ನಡುವೆ ಬಿಳಿಯ ಶಂಖ, ಎರಡು ಬದಿಯಲ್ಲಿ ಸೊಂಡಿಲೆತ್ತಿದ ಆನೆಗಳಿರುವ ರಾಜಮುದ್ರೆ, ಕೆಳಗೆ 'ಧರ್ಮೋಸ್ಮತ್ ಕುಲದೈವತಂ' ಎಂಬ ಧ್ಯೇಯವಾಕ್ಯ. ಧರ್ಮವೇ ನಮ್ಮ ಕುಲದೇವತೆ ಎಂದರ್ಥ. ನಮ್ಮ ಮುಂಬಯಿ ಮಹಾನಗರಪಾಲಿಕೆಯ ಮುದ್ರೆಯಲ್ಲಿ 'ಯತೋ ಧರ್ಮಸ್ತತೋ ಜಯಃ' ಎಂದಿರುವುದನ್ನು ನೀರಿನ ಬಿಲ್ಲಿನ ಮೇಲೆ ನೋಡಿ ಅಭ್ಯಾಸವಿರುವವರಿಗೆ ಇದು ಹತ್ತಿರದ್ದೆನಿಸೀತು.

ಈ ಶಂಖ ರಾಜನದ್ದಲ್ಲ, ಪದ್ಮನಾಭನದ್ದು. 1741ರಲ್ಲಿ ಕೊಳಚ್ಚಲ್ ಯುದ್ಧದಲ್ಲಿ ಡಚ್ಚರನ್ನು ಸೋಲಿಸಿದ ಮಾರ್ತಾಂಡ ವರ್ಮ, 1750ರ ಜನವರಿಯಲ್ಲಿ ತನ್ನ ಇಡೀ ರಾಜ್ಯವನ್ನು ಅನಂತಪದ್ಮನಾಭನಿಗೆ ಅರ್ಪಿಸಿಬಿಟ್ಟ. ಇದಕ್ಕೆ ತೃಪ್ಪಡಿದಾನ ಎಂದು ಹೆಸರು. ಅಂದಿನಿಂದ ಅಲ್ಲಿನ ರಾಜರು 'ಪದ್ಮನಾಭದಾಸ' ಎಂಬ ಬಿರುದಿನಲ್ಲಿ, ದೇವರ ಪರವಾಗಿ ರಾಜ್ಯಭಾರ ಮಾಡಿದವರು. ಇದು ಬರೀ ಮಾತಿನ ಅಲಂಕಾರವಾಗಿರಲಿಲ್ಲ. 1949ರ ಜುಲೈ 1ರಂದು ತಿರುವಾಂಕೂರು-ಕೊಚ್ಚಿ ಒಂದಾದಾಗ ರಾಜಪ್ರಮುಖರಾಗಬೇಕಿದ್ದ ಚಿತ್ತಿರ ತಿರುನಾಳ್ ಅವರಿಗೆ ಪ್ರಮಾಣವಚನದ್ದೇ ತೊಡಕಾಯಿತು. ಪದ್ಮನಾಭನ ದಾಸನಾದವನು ಬೇರೆಯವರಿಗೆ ನಿಷ್ಠೆಯ ಪ್ರಮಾಣ ಮಾಡುವುದು ಹೇಗೆ? ಆಗ ದಿಲ್ಲಿಯ ಪರವಾಗಿ ಮಾತುಕತೆ ನಡೆಸಿದ್ದ ವಿ.ಪಿ. ಮೆನನ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಪತ್ರದ ಮೂಲಕ ಒಂದು ದಾರಿ ಹುಡುಕಲಾಯಿತು.

ಕೊಚ್ಚಿಯ ಮಹಾರಾಜ ಪರೀಕ್ಷಿತ್ ತಂಬುರಾನ್ ಅವರದು ಇನ್ನೊಂದು ಬಗೆ. ತನಗೆ ಯಾವ ಪದವಿಯೂ ಬೇಡ ಎಂದ ಅವರು ಕೇಳಿದ್ದು, ತಮ್ಮ ಮನೆಮಂದಿಗೆ ವಾಡಿಕೆಯಂತೆ ಬರುತ್ತಿದ್ದ ಪಂಚಾಂಗದ ಪ್ರತಿಗಳನ್ನು ಪುಕ್ಕಟೆಯಾಗಿ ಕೊಡುತ್ತಿರಬೇಕೆಂದು ಮಾತ್ರ. ಸಿಂಹಾಸನ ಬಿಟ್ಟುಕೊಡುವ ಹೊತ್ತಿಗೆ ಪಂಚಾಂಗ ಕೇಳಿದ ಅರಸನನ್ನು ಚರಿತ್ರೆಯಲ್ಲಿ ಬೇರೆಲ್ಲಿಯೂ ಕಾಣೆವು.

ಈ ಶಂಖಕ್ಕೂ ನಮ್ಮ ತುಳು-ಕನ್ನಡ ನಾಡಿಗೂ ನಂಟಿದೆ. ತಿರುವನಂತಪುರದ ದೇವಸ್ಥಾನವನ್ನು ಸ್ಥಾಪಿಸಿದವರು ದಿವಾಕರ ಮುನಿ ಎಂಬ ತುಳುನಾಡಿನ ಯತಿ ಎಂಬುದು ಐತಿಹ್ಯ. ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರದ ಸರೋವರ ಕ್ಷೇತ್ರವೇ ಅದರ ಮೂಲಸ್ಥಾನ ಎಂಬ ನಂಬಿಕೆ ಬಲವಾಗಿದೆ. ಅಲ್ಲಿನ ಕೆರೆಯಲ್ಲಿದ್ದ ಸಸ್ಯಾಹಾರಿ ಮೊಸಳೆ ಎಂದೇ ಹೆಸರಾಗಿದ್ದ ಬಬಿಯ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಮುಂಬಯಿಯಲ್ಲೂ ಮರುಗಿದವರಿದ್ದರು. ಪದ್ಮನಾಭನ ಪೂಜೆಯ ನಂಬಿಗಳನ್ನು ಇಂದಿಗೂ 'ಅಕ್ಕರೆ ದೇಶಿ', 'ಇಕ್ಕರೆ ದೇಶಿ' ಎಂದು ಗುರುತಿಸುವುದು ನಮ್ಮ ಚಂದ್ರಗಿರಿ ಹೊಳೆಯ ಆಚೆ-ಈಚೆಯ ಲೆಕ್ಕದಲ್ಲಿ. ಅಕ್ಕರೆ, ಇಕ್ಕರೆ - ಅರ್ಥ ಹೇಳಿಕೊಡಬೇಕಾಗಿಲ್ಲವಲ್ಲ.

ಅಂಚೆಚೀಟಿ, ನಾಣ್ಯಗಳಲ್ಲಿ

ಸಾಮಾನ್ಯ ಜನರ ಕೈಗೆ ಲಾಂಛನ ಸಿಕ್ಕಿದ್ದು ಅರಮನೆಯಿಂದಲ್ಲ, ಅಂಚೆಯಿಂದ. ತಿರುವಾಂಕೂರು ಮತ್ತು ಕೊಚ್ಚಿಗಳಲ್ಲಿ 'ಅಂಚಲ್' ಎಂಬ ಸ್ವಂತ ಅಂಚೆ ವ್ಯವಸ್ಥೆ ಇತ್ತು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಅಂಚಲ್ ಓಟಗಾರನಿಗೆ ಎಲ್ಲರೂ ದಾರಿ ಬಿಡಬೇಕಿತ್ತು. ತಿರುವಾಂಕೂರು 1888ರಲ್ಲಿ ತನ್ನ ಮೊದಲ ಅಂಚೆಚೀಟಿಗಳನ್ನು ಹೊರಡಿಸಿದಾಗ ಅದರ ಮೇಲೆ ರಾಜನ ಮುಖ ಹಾಕಲಿಲ್ಲ, ಶಂಖ ಹಾಕಿತು. ಒಡೆಯ ಪದ್ಮನಾಭನಾದ ಮೇಲೆ ಅದೇ ಸರಿ. ಕೊಚ್ಚಿಯ ಮೊದಲ ಚೀಟಿಗಳು ಬಂದದ್ದು 1892ರ ಏಪ್ರಿಲಿನಲ್ಲಿ. ಬೆಲೆ ಪುತ್ತನ್ ಎಂಬ ಅಲ್ಲಿನ ನಾಣ್ಯದ ಲೆಕ್ಕದಲ್ಲಿ, ಚಿತ್ರ ರಾಜ್ಯದ ಲಾಂಛನಗಳದ್ದು. 1951ರಲ್ಲಿ ಅಂಚಲ್ ಭಾರತೀಯ ಅಂಚೆಯೊಳಗೆ ಲೀನವಾಯಿತು. ಆದರೂ ಶಂಖದ ಗುರುತು ಹೊತ್ತ ಹಸಿರು ಬಣ್ಣದ ಹಳೆಯ ಅಂಚಲ್ ಪೆಟ್ಟಿಗೆಗಳು ಕೇರಳದ ಕೆಲವೆಡೆ ಇನ್ನೂ ನಿಂತಿವೆ.

ನಾಣ್ಯದ ಕಥೆಗೆ ತಿರುವನಂತಪುರದಿಂದ ಸುಮಾರು 18 ಕಿ.ಮೀ. ದೂರದ ನೆಡುಮಂಗಾಡಿಗೆ ಹೋಗಬೇಕು. ಅಲ್ಲಿನ ಕೋಯಿಕ್ಕಲ್ ಅರಮನೆ 17ನೇ ಶತಮಾನದ ಉಮಯಮ್ಮ ರಾಣಿಯದ್ದು. ಈಗ ಪುರಾತತ್ವ ಇಲಾಖೆಯ ಜಾನಪದ ಹಾಗೂ ನಾಣ್ಯ ಸಂಗ್ರಹಾಲಯ. ತಿರುವಾಂಕೂರಿನ ನಾಣ್ಯಗಳಲ್ಲಿ 'ಚಕ್ರ' ಎಂಬ ಬೆಳ್ಳಿ ನಾಣ್ಯ ಎಷ್ಟು ಸಣ್ಣದೆಂದರೆ, ಎಣಿಸಲು ತೂತು ಕೊರೆದ ಮರದ ಹಲಗೆ ಬೇಕಾಗುತ್ತಿತ್ತು. ನಾಣ್ಯಗಳನ್ನು ಹಲಗೆಯ ಮೇಲೆ ಸುರಿದು ಅಲುಗಿಸಿದರೆ ತೂತಿಗೊಂದರಂತೆ ಕೂರುತ್ತವೆ, ಉಳಿದದ್ದನ್ನು ಕೈಯಿಂದ ಸವರಿಬಿಟ್ಟರೆ ಲೆಕ್ಕ ಮುಗಿಯಿತು. 16 ಕಾಸಿಗೆ ಒಂದು ಚಕ್ರ, 28 ಚಕ್ರಕ್ಕೆ ಒಂದು ತಿರುವಾಂಕೂರು ರೂಪಾಯಿ. ಅಲ್ಲಿನ ಚಿನ್ನದ ನಾಣ್ಯಗಳಲ್ಲೊಂದರ ಹೆಸರು ಅನಂತವರಾಹ. ವರಾಹ ಎಂದರೆ ಹಂದಿ. ಚಾಲುಕ್ಯರ ಮತ್ತು ವಿಜಯನಗರದ ಲಾಂಛನ. ಲಾಂಛನದ ಪ್ರಾಣಿಯೇ ಹಣದ ಹೆಸರಾಗಿ, ನಮ್ಮ ರಾಜ್ಯಗಳು ಹೋದ ಮೇಲೂ ಮಲಯಾಳ ನಾಡಿನ ತುದಿಯ ತನಕ ಚಲಾವಣೆಯಲ್ಲಿತ್ತು ಎಂಬುದು ಗಮನಾರ್ಹ.

ತ್ರಿಪ್ಪೂಣಿತ್ತುರದ ಕಿರೀಟ

ಕೊಚ್ಚಿಯ ಭಾಗ ಹೆಚ್ಚು ಶ್ರೀಮಂತ. ಎರ್ನಾಕುಳಂ ಪೇಟೆಯಿಂದ ಹತ್ತಿರವೇ ಇರುವ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್ 1865ರಲ್ಲಿ ಕಟ್ಟಲು ಆರಂಭವಾದ ಅರಮನೆ. ಗುಡ್ಡದ ಇಳಿಜಾರಿನಲ್ಲಿ ಹರಡಿರುವ ಅದರ ಆವರಣದಲ್ಲಿ 49 ಕಟ್ಟಡಗಳಿವೆ. ಕೊಚ್ಚಿ ರಾಜರ ವಾಸಸ್ಥಾನವೂ ಕಚೇರಿಯೂ ಆಗಿದ್ದ ಇದನ್ನು ರಾಜಮನೆತನ ಸರಕಾರಕ್ಕೆ ಬಿಟ್ಟುಕೊಟ್ಟ ಬಳಿಕ 1986ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಲಾಯಿತು. 'ಮಣಿಚಿತ್ರತ್ತಾಳ್' ಎಂಬ 1993ರ ಮಲಯಾಳಂ ಚಿತ್ರದ ಬಹುಭಾಗ ಇಲ್ಲಿ ಚಿತ್ರೀಕರಣಗೊಂಡದ್ದು. ನಮಗೆ ಅದು 2004ರಲ್ಲಿ 'ಆಪ್ತಮಿತ್ರ'ವಾಗಿ ಬಂತು. ಪ್ರವಾಸದ ಬಸ್ಸಿನಲ್ಲಿ ಈ ಒಂದು ಮಾತು ಹೇಳಿದರೆ ಸಾಕು, ಹೆಂಗಸರು-ಮಕ್ಕಳು ಮೊದಲು ಇಳಿಯುತ್ತಾರೆ.

ಇಲ್ಲಿ ಎಲ್ಲರೂ ಸಾಲುಗಟ್ಟಿ ನೋಡುವುದು ಬಿಗಿ ಕಾವಲಿನಲ್ಲಿರುವ ಚಿನ್ನದ ಕಿರೀಟವನ್ನು. ಪೋರ್ಚುಗೀಸರು ಕೊಟ್ಟದ್ದು ಎನ್ನುತ್ತಾರೆ. ಸ್ವಾರಸ್ಯವೆಂದರೆ ಕೊಚ್ಚಿ ರಾಜರು ಕಿರೀಟವನ್ನು ತಲೆಗಿಡುತ್ತಿರಲಿಲ್ಲ, ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಅವರ ಮೂಲ ಪಟ್ಟಾಭಿಷೇಕದ ನೆಲವಾದ ವನ್ನೇರಿ ಕಲ್ಲಿಕೋಟೆಯ ಸಾಮೂದಿರಿಯ ವಶವಾಗಿತ್ತು. ಅದು ಮರಳಿ ಸಿಗುವವರೆಗೆ ಕಿರೀಟ ಧರಿಸುವುದಿಲ್ಲವೆಂದು ಪಣ ತೊಟ್ಟರು ಎಂಬುದು ಪ್ರತೀತಿ. ವನ್ನೇರಿ ಸಿಗಲಿಲ್ಲ, ಕಿರೀಟ ತಲೆಗೇರಲಿಲ್ಲ. ಪರದೇಶದವರು ಕೊಟ್ಟ ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು, ತನ್ನ ನಾಡಿನ ಛತ್ರಿ-ಪಲ್ಲಕ್ಕಿಯನ್ನೇ ಮುದ್ರೆ ಮಾಡಿಕೊಂಡ ರಾಜಮನೆತನ ಇದು.

ಪಲ್ಲಕ್ಕಿ ಮತ್ತು ಛತ್ರಿಗಳನ್ನು ನೋಡಬೇಕಾದರೆ ಮಟ್ಟಾಂಚೇರಿಗೆ ಹೋಗಬೇಕು. ಅಲ್ಲಿನ ಅರಮನೆಯನ್ನು 16ನೇ ಶತಮಾನದ ನಡುವಿನಲ್ಲಿ ಪೋರ್ಚುಗೀಸರು ಕಟ್ಟಿ ರಾಜನಿಗೆ ಕೊಟ್ಟರು. 1663ರಲ್ಲಿ ಅವರನ್ನು ಓಡಿಸಿದ ಡಚ್ಚರು ದುರಸ್ತಿ ಮಾಡಿದ್ದರಿಂದ 'ಡಚ್ ಪ್ಯಾಲೇಸ್' ಎಂಬ ಹೆಸರು ಬಂತು. ಕಟ್ಟಿದವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು! ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆಡಳಿತದಲ್ಲಿರುವ ಇಲ್ಲಿನ ಪಟ್ಟಾಭಿಷೇಕದ ಸಭಾಂಗಣದಲ್ಲಿ ದಂತದ ಪಲ್ಲಕ್ಕಿ, ಅಂಬಾರಿ, ರಾಜಛತ್ರಿ, ರಾಜರ ಚಿತ್ರಗಳು, ನಾಣ್ಯ, ಅಂಚೆಚೀಟಿಗಳು ಇವೆ. ಜನರೆಲ್ಲ ರಾಮಾಯಣದ ಭಿತ್ತಿಚಿತ್ರ ನೋಡಿ ಹೊರಟುಬಿಡುತ್ತಾರೆ. ಅಂಚೆಚೀಟಿಯ ಮೇಲಿನ ಪಲ್ಲಕ್ಕಿಯನ್ನೂ ಎದುರಿಗಿರುವ ನಿಜವಾದ ಪಲ್ಲಕ್ಕಿಯನ್ನೂ ಒಮ್ಮೆಗೆ ನೋಡಬಹುದಾದ ಜಾಗ ಇದು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಎರ್ನಾಕುಳಂನ ದರ್ಬಾರ್ ಹಾಲ್ ಇನ್ನೊಂದು ಪಾಠ. ಕೊಚ್ಚಿ ಮಹಾರಾಜರ ದರ್ಬಾರಿಗಾಗಿ 19ನೇ ಶತಮಾನದಲ್ಲಿ ಕಟ್ಟಿದ ಈ ಕಟ್ಟಡದಲ್ಲಿ ಒಂದು ಕಾಲಕ್ಕೆ ಪರೀಕ್ಷಿತ್ ತಂಬುರಾನ್ ಹೆಸರಿನ ಸಂಗ್ರಹಾಲಯವಿತ್ತು. ಅದರ ವಸ್ತುಗಳು ಹಿಲ್ ಪ್ಯಾಲೇಸಿಗೆ ಹೋದವು, ಕಟ್ಟಡ ಲಲಿತಕಲಾ ಅಕಾಡೆಮಿಯ ಕಲಾಕೇಂದ್ರವಾಯಿತು, 2012ರ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಗೆ ವೇದಿಕೆಯೂ ಆಯಿತು. ಒಂದು ಕಟ್ಟಡ ಒಮ್ಮೆ ಸಂಗ್ರಹಾಲಯವಾದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ.

ಗೋರಿಕಲ್ಲುಗಳ ಗೋಡೆ

ಯುರೋಪಿನವರು ಹೇಳುವ ಅರ್ಥದ ವಂಶಲಾಂಛನ, ಎಂದರೆ ಗುರಾಣಿ, ಶಿರಸ್ತ್ರಾಣ, ಸಿಂಹ, ಗೋಪುರಗಳ ಆ ವಿದ್ಯೆಯ ಮಾದರಿಗಳನ್ನು ಕೇರಳದಲ್ಲಿ ನೋಡಲು ತಕ್ಕ ಜಾಗ ಸಂಗ್ರಹಾಲಯವಲ್ಲ, ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಇಗರ್ಜಿ. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲಿ ಸತ್ತಾಗ ಹೂಳಿದ್ದು ಇಲ್ಲೇ; ಮುಂದೆ ಎಲುಬುಗಳನ್ನು ಪೋರ್ಚುಗಲ್ಲಿಗೆ ಒಯ್ದರು. ನೆಲದಲ್ಲಿದ್ದ ಹಳೆಯ ಗೋರಿಕಲ್ಲುಗಳನ್ನು 1886ರಲ್ಲಿ ಎತ್ತಿ ಗೋಡೆಗಳಿಗೆ ನಿಲ್ಲಿಸಲಾಯಿತು. ಉತ್ತರದ ಗೋಡೆಗೆ ಪೋರ್ಚುಗೀಸರು, ದಕ್ಷಿಣದ ಗೋಡೆಗೆ ಡಚ್ಚರು. ಬದುಕಿದ್ದಾಗ ಮೆಣಸಿಗಾಗಿ ಒಬ್ಬರನ್ನೊಬ್ಬರು ಕೊಂದವರು ಈಗ ಎದುರುಬದುರು ನಿಂತಿದ್ದಾರೆ. ಕಲ್ಲುಗಳ ಮೇಲೆ ಅವರವರ ವಂಶಮುದ್ರೆಗಳ ಕೆತ್ತನೆ ಇದೆ. ಯಾರೂ ತುಳಿಯದಂತೆ ಎತ್ತಿ ನಿಲ್ಲಿಸಿದ ಅಂದಿನವರ ಬುದ್ಧಿಯನ್ನು ಮೆಚ್ಚಬೇಕು. ಆ ಒಂದು ಕೆಲಸದಿಂದ ಇಗರ್ಜಿಯ ಗೋಡೆಯೇ ಪ್ರದರ್ಶನವಾಯಿತು, ಪ್ರಾರ್ಥನೆಯೂ ನಿಲ್ಲಲಿಲ್ಲ.

ಹತ್ತಿರದ ಪರೇಡ್ ಮೈದಾನದ ಎದುರು ಒಂದು ದೊಡ್ಡ ಮರದ ಬಾಗಿಲಿದೆ. 1740 ಎಂಬ ಇಸವಿ, ವಿ-ಒ-ಸಿ ಎಂಬ ಮೂರಕ್ಷರಗಳನ್ನು ಹೆಣೆದ ಗುರುತು. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಮುದ್ರೆ ಅದು. ಕಡಲ ಕಡೆಗೆ ಹೋದರೆ ಬಾಸ್ಟಿಯನ್ ಬಂಗಲೆ. ಡಚ್ ಕೋಟೆಯ ಸ್ಟ್ರಾಂಬರ್ಗ್ ಕೊತ್ತಲದ ಮೇಲೆ ಎದ್ದ ಇದನ್ನು 1667ರದ್ದೆಂದು ಹೇಳುತ್ತಾರೆ. 1806ರಲ್ಲಿ ಇಂಗ್ಲಿಷರು ಕೋಟೆಯನ್ನು ಉರುಳಿಸಿದರು, ಬಂಗಲೆ ಉಳಿಯಿತು. ಮುಂದೆ ಸಬ್ ಕಲೆಕ್ಟರರ ನಿವಾಸವಾಗಿತ್ತು. ಈಗ ಎರ್ನಾಕುಳಂ ಜಿಲ್ಲಾ ಪರಂಪರೆಯ ಸಂಗ್ರಹಾಲಯ. ಅಧಿಕಾರಿ ಮಲಗುತ್ತಿದ್ದ ಕೋಣೆಗೆ ಶಾಲೆಯ ಮಕ್ಕಳು ನುಗ್ಗುವುದನ್ನು ನೋಡುವುದೇ ಒಂದು ಸಂತೋಷ.

ರೇಷ್ಮೆ ಬಾವುಟದ ಕಾಲ

ನಮ್ಮ ರಾಜರ ಮುದ್ರೆಗಳಿಗೆ ಯುರೋಪಿನ ಗುರಾಣಿಯ ಆಕಾರ ಬಂದದ್ದು ಹೇಗೆ? ಮುಖ್ಯ ಕಾರಣ 1877ರ ಜನವರಿ 1ರ ದಿಲ್ಲಿ ದರ್ಬಾರು. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು ಸಾರಿದ ಆ ಸಮಾರಂಭದಲ್ಲಿ ವೈಸರಾಯ್ ಲಿಟನ್ ಸುಮಾರು 90 ಮಂದಿ ಪ್ರಮುಖ ಸಂಸ್ಥಾನಿಕರಿಗೆ ರೇಷ್ಮೆಯ ಬಾವುಟಗಳನ್ನು ಹಂಚಿದ. ಪ್ರತಿಯೊಂದಕ್ಕೂ ಒಂದು ವಂಶಮುದ್ರೆ ಬರೆದುಕೊಟ್ಟವನು ಬಂಗಾಳದ ಸಿವಿಲ್ ಸರ್ವಿಸ್ ಅಧಿಕಾರಿ ರಾಬರ್ಟ್ ಟೇಲರ್. ಶತಮಾನಗಳಿಂದ ಸಿಂಹ, ಗರುಡ, ವರಾಹಗಳನ್ನು ಬಾವುಟದಲ್ಲೂ ತಾಮ್ರಪಟದಲ್ಲೂ ಬಳಸುತ್ತಿದ್ದ ನಾಡಿಗೆ, ಚಿತ್ರವನ್ನು ಗುರಾಣಿಯೊಳಗೆ ಕೂರಿಸುವುದು ಹೇಗೆಂದು ಒಬ್ಬ ಇಂಗ್ಲಿಷ್ ಅಧಿಕಾರಿ ಹೇಳಿಕೊಟ್ಟ ಹಾಗಾಯಿತು.

ನಮ್ಮ ಶಾಸನಗಳನ್ನು ತಿರುವಿದರೆ ಈ ವಿದ್ಯೆ ಇಲ್ಲಿ ಎಷ್ಟು ಹಳೆಯದೆಂದು ತಿಳಿಯುತ್ತದೆ. ಕದಂಬರು ಸಿಂಹಲಾಂಛನರು, ವಾನರಧ್ವಜರು. ಗಂಗರಿಗೆ ಆನೆ, ಬಾದಾಮಿಯವರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಹೊಯ್ಸಳರಿಗೆ ಸಿಂಹದೊಡನೆ ಹೋರಾಡುವ ಸಳ. ಗಂಡಭೇರುಂಡ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕಂಬದ ತುದಿಯಲ್ಲಿ 11ನೇ ಶತಮಾನದಲ್ಲೇ ಕುಳಿತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಹಾರಿ, ಕೆಳದಿಯವರಲ್ಲಿ ಇಳಿದು, ಮೈಸೂರಿನ ಒಡೆಯರಲ್ಲಿ ನೆಲೆಸಿತು. ಮೈಸೂರು ಅರಮನೆಯ ಲಾಂಛನದಲ್ಲಿ 'ನ ಬಿಭೇತಿ ಕದಾಚನ', ಎಂದಿಗೂ ಹೆದರುವುದಿಲ್ಲ, ಎಂಬ ಮಾತಿದೆ. ಕರ್ನಾಟಕ ಸರಕಾರದ ಮುದ್ರೆಯಲ್ಲಿ ಅದೇ ಹಕ್ಕಿ, ಎರಡು ಬದಿಗೆ ಗಜಕೇಸರಿ, ಮೇಲೆ ಅಶೋಕನ ಸಿಂಹಗಳು, ಕೆಳಗೆ ಮಾತ್ರ 'ಸತ್ಯಮೇವ ಜಯತೇ'. ಕೇರಳ ಸರಕಾರದ ಮುದ್ರೆಯೂ ಇದೇ ರೀತಿ: ಮೇಲೆ ಅಶೋಕನ ಸಿಂಹಗಳು, ನಡುವೆ ಶಂಖ, ಕಾವಲಿಗೆ ಎರಡು ಆನೆ. ರಾಜರ ಚಿಹ್ನೆಯ ಮೇಲೆ ಗಣರಾಜ್ಯದ ಚಿಹ್ನೆಯನ್ನು ಕೂರಿಸುವ ಉಪಾಯವನ್ನು ಎರಡೂ ನೆರೆರಾಜ್ಯಗಳು ಮಾಡಿಕೊಂಡವು.

ರಾಜರೊಂದಿಗೆ ದಿವಾನರೂ ಆಚೆಯಿಂದ ಈಚೆಗೆ ಬಂದವರೇ. ವಿ.ಪಿ. ಮಾಧವರಾವ್ 1904ರಿಂದ 1906ರವರೆಗೆ ತಿರುವಾಂಕೂರಿನ ದಿವಾನರು, ಅಲ್ಲಿಂದ ನೇರ ಮೈಸೂರಿನ ದಿವಾನರು. ಕೊಚ್ಚಿಯ ದಿವಾನರಾಗಿದ್ದ ಆಲ್ಬಿಯನ್ ಬ್ಯಾನರ್ಜಿ 1922ರಲ್ಲಿ ಮೈಸೂರಿನ ದಿವಾನರಾದರು. ಶಂಖದ ಮೊಹರು ಒತ್ತಿದ ಕೈಯೇ ಮುಂದೆ ಗಂಡಭೇರುಂಡದ ಮೊಹರನ್ನೂ ಒತ್ತಿದೆ.

ಓಲೆಗರಿಯ ಮಾದರಿ

ತಿರುವನಂತಪುರದಲ್ಲಿ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಬರವಿಲ್ಲ. ಆಯಿಲ್ಯಂ ತಿರುನಾಳ್ ಕಾಲದಲ್ಲಿ ವಿಲಿಯಂ ಬಾರ್ಟನ್ ಎಂಬ ಇಂಜಿನಿಯರ್ ಕಟ್ಟಿದ, 1869ರಲ್ಲಿ ತೆರೆದ ಹಜೂರ್ ಕಚೇರಿಯೇ ಇಂದಿನ ಸೆಕ್ರೆಟೇರಿಯಟ್. ಅದರೆದುರಿನ ಪ್ರತಿಮೆ ಅಂದಿನ ದಿವಾನ ಟಿ. ಮಾಧವರಾಯರದು, ಊರಿನವರು ಆ ಕೂಟಕ್ಕೇ 'ಸ್ಟ್ಯಾಚ್ಯೂ' ಎನ್ನುತ್ತಾರೆ. ನೇಪಿಯರ್ ಮ್ಯೂಸಿಯಂ ಹುಟ್ಟಿನಿಂದಲೇ ಸಂಗ್ರಹಾಲಯ. 1857ರಲ್ಲಿ ತೆರೆದ ಹಳೆಯ ಕಟ್ಟಡವನ್ನು ಕೆಡವಿ, ರಾಬರ್ಟ್ ಚಿಸಂ ಎಂಬ ಶಿಲ್ಪಿಯ ಯೋಜನೆಯಂತೆ 1880ರಲ್ಲಿ ಈಗಿನದನ್ನು ಮುಗಿಸಿದರು. ಫ್ಯಾನಿಲ್ಲದೆ ಗಾಳಿಯಾಡುವಂತೆ ಕಟ್ಟಿದ್ದಾರೆ. ಸ್ವಾತಿ ತಿರುನಾಳ್ ಕಟ್ಟಿಸಿದ, ಸೂರಿನಡಿಯಲ್ಲಿ 122 ಮರದ ಕುದುರೆಗಳಿರುವ ಕುದಿರಮಾಳಿಗ ದೇವಸ್ಥಾನದ ಪಕ್ಕದಲ್ಲೇ ಇದೆ. 1846ರಲ್ಲಿ ಅವರು ತೀರಿಕೊಂಡ ಮೇಲೆ ನೂರಕ್ಕೂ ಹೆಚ್ಚು ವರ್ಷ ಮುಚ್ಚಿತ್ತು. ಅದರ ಒಂದು ಭಾಗ ಇಂದು ಸಂಗ್ರಹಾಲಯ. ಅಲ್ಲಿ ಸ್ಫಟಿಕದ ಸಿಂಹಾಸನ, ದಂತದ ಸಿಂಹಾಸನ ಕಾಣಸಿಗುತ್ತವೆ. ಇನ್ನೊಂದು ದಂತದ ಸಿಂಹಾಸನವನ್ನು ಉತ್ರಾಡಂ ತಿರುನಾಳ್ ವಿಕ್ಟೋರಿಯಾ ರಾಣಿಗೆ ಕಳುಹಿಸಿದ್ದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ ಅದು ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ.

ಆದರೆ ಸಂಘದ ಪದಾಧಿಕಾರಿಗಳು ತಪ್ಪದೆ ನೋಡಬೇಕಾದದ್ದು ಕೋಟೆಯೊಳಗಿನ ಸೆಂಟ್ರಲ್ ಆರ್ಕೈವ್ಸ್. ಹಳೆಯ ದಫ್ತರಗಳ ಈ ಕಟ್ಟಡದಲ್ಲಿ 2022ರ ಡಿಸೆಂಬರಿನಲ್ಲಿ ಓಲೆಗರಿ ಸಂಗ್ರಹಾಲಯ ತೆರೆದುಕೊಂಡಿದೆ. ಎಂಟು ವಿಭಾಗಗಳು, 187 ಓಲೆಗರಿ ಗ್ರಂಥಗಳು. ರಾಶಿಯಲ್ಲಿ ಕೋಟಿಗಟ್ಟಲೆ ಗರಿಗಳಿದ್ದರೂ ತೋರಿಸಿದ್ದು 187 ಮಾತ್ರ ಎಂಬುದನ್ನು ಗಮನಿಸಿ. ಇರುವುದನ್ನೆಲ್ಲ ಕಪಾಟಿನಲ್ಲಿ ತುರುಕದೆ, ಭೂಮಿ, ಕಂದಾಯ, ಯುದ್ಧ, ಆಡಳಿತ ಎಂದು ವಿಂಗಡಿಸಿ, ಓದಲು ಬಾರದ ವಟ್ಟೆಳುತ್ತು, ಕೋಲೆಳುತ್ತು ಲಿಪಿಗಳ ಗರಿಯಲ್ಲಿ ಏನಿದೆ ಎಂದು ತಿಳಿಸಿದ್ದಾರೆ. ಹಳೆಯ ಕಟ್ಟಡ, ಸರಕಾರದ ಕೈಯಲ್ಲೇ ಇದ್ದ ಸಾಮಗ್ರಿ, ಒಂದೇ ವಿಷಯ. ಲಾಂಛನ ಸಂಗ್ರಹಾಲಯವೊಂದು ಆಗುವುದಿದ್ದರೆ ಹೀಗೇ ಆಗಬೇಕು.

ವಿದೇಶದಲ್ಲಿ ಇಂಥದ್ದು ಹೊಸತಲ್ಲ. ಐರ್ಲೆಂಡಿನ ಡಬ್ಲಿನ್ ಕೋಟೆಯ ಬೆಡ್‌ಫರ್ಡ್ ಗೋಪುರದಲ್ಲಿ ವಂಶಲಾಂಛನಗಳ ಸರಕಾರಿ ಕಚೇರಿಯಿತ್ತು. 1907ರಲ್ಲಿ ಅಲ್ಲಿಂದಲೇ ಐರ್ಲೆಂಡಿನ ರಾಜಾಭರಣಗಳು ಕಳವಾದವು, ಇಂದಿಗೂ ಸಿಕ್ಕಿಲ್ಲ. ಆ ಅವಮಾನದ ಬಳಿಕ 1909ರಲ್ಲಿ ಅದೇ ಕಚೇರಿಯವರು ಲಾಂಛನ ಸಂಗ್ರಹಾಲಯ ಆರಂಭಿಸಿದರು. ನಮ್ಮಲ್ಲಿಯೂ ಪದ್ಮನಾಭನ ನೆಲಮಾಳಿಗೆಯ ಸಂಪತ್ತಿನ ಪಟ್ಟಿ 2011ರಲ್ಲಿ ಆದಾಗಿನಿಂದ ಅದಕ್ಕೊಂದು ಸಂಗ್ರಹಾಲಯ ಬೇಕೇ, ಬೇಡವೇ ಎಂಬ ಚರ್ಚೆ ನಡೆದೇ ಇದೆ. ಅದು ಭಕ್ತರ ಮನಸ್ಸಿನ ವಿಷಯ, ಸುಲಭದ್ದಲ್ಲ. ಶಂಖದ ಮುದ್ರೆ, ಅಂಚಲ್ ಪೆಟ್ಟಿಗೆ, ಬಾವುಟ, ಬಿಲ್ಲೆಗಳನ್ನು ಪ್ರದರ್ಶಿಸಲು ಮಾತ್ರ ಯಾರ ಮನಸ್ಸೂ ನೋಯಬೇಕಾಗಿಲ್ಲ. 1971ರಲ್ಲಿ ರಾಜಧನ ರದ್ದಾದ ಮೇಲೆ ಇವು ಯಾರ ಅಧಿಕಾರದ ಗುರುತೂ ಅಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಮೇಯೊ ಹಾಲ್ ಒಂದು ದಾರಿ ತೋರಿಸಿದೆ. 1883ರ ಆ ಕಟ್ಟಡದ ಮಹಡಿಯಲ್ಲಿ ಕೆಂಪೇಗೌಡ ಸಂಗ್ರಹಾಲಯ ಮಾಡಿದರು. ಇಡೀ ಕಟ್ಟಡವನ್ನೇ ಖಾಲಿ ಮಾಡಿಸಬೇಕೆಂದಿಲ್ಲ, ಒಂದು ಮಹಡಿ ಸಾಕು. ಗಂಡಭೇರುಂಡಕ್ಕೆ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಅಂಥ ಒಂದು ಮಹಡಿ ಸಿಗಲಾರದೇ?

ನಮ್ಮ ಸಂಘಗಳ ಮೊಹರು

ಈ ವಿಷಯ ನಮ್ಮ ಮನೆಬಾಗಿಲಿಗೂ ಬರುತ್ತದೆ. ಹೊರನಾಡಿನ ಅನೇಕ ಕನ್ನಡ ಸಂಘಗಳು ಲೆಟರ್‌ಹೆಡ್, ಬ್ಯಾನರ್, ರಶೀದಿ ಪುಸ್ತಕಗಳಲ್ಲಿ ಗಂಡಭೇರುಂಡವನ್ನು ಪ್ರೀತಿಯಿಂದ ಬಳಸುತ್ತವೆ. ಹಕ್ಕಿಯ ಚಿತ್ರಕ್ಕೆ ಅಡ್ಡಿಯಿರದು. ಆದರೆ ಅಶೋಕ ಸಿಂಹಗಳ ಸಹಿತ ಸರಕಾರದ ಅಧಿಕೃತ ಮುದ್ರೆಯನ್ನೇ ನಕಲು ಮಾಡುವುದು ಬೇರೆ ಮಾತು. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯಿದೆ ಕೇಂದ್ರ ಮತ್ತು ರಾಜ್ಯ ಸರಕಾರಗಳ ಮುದ್ರೆಯನ್ನು ಅನುಮತಿಯಿಲ್ಲದೆ ವ್ಯಾಪಾರ-ವೃತ್ತಿಗೆ ಬಳಸಬಾರದೆನ್ನುತ್ತದೆ. ರಾಷ್ಟ್ರಲಾಂಛನಕ್ಕಾಗಿಯೇ 2005ರ ಪ್ರತ್ಯೇಕ ಕಾಯಿದೆಯಿದೆ. ಹೊಸ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಕಾರ್ಯದರ್ಶಿಗಳು ಮುಖಪುಟವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಇನ್ನೊಂದು ಮಾತು. ಮುಂಬಯಿಯಲ್ಲಿ ಹಳೆಯ ಕಟ್ಟಡಗಳೆಲ್ಲ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಸಂಘದ ಹಳೆಯ ಸಭಾಗೃಹ ಕೆಡವುವಾಗ ಶಿಲಾನ್ಯಾಸದ ಕಲ್ಲು, ದಾನಿಗಳ ಹೆಸರಿನ ಹಲಗೆ, ಹಿತ್ತಾಳೆಯ ಮೊಹರು, ನಾಟಕ ತಂಡದ ಪದಕ, ಮೊದಲ ಬಾವುಟ ಗುಜರಿಗೆ ಹೋಗದಂತೆ ನೋಡಿಕೊಳ್ಳುವವರು ಬೇಕು. ಕೊಚ್ಚಿಯವರು 1886ರಲ್ಲಿ ಗೋರಿಕಲ್ಲನ್ನು ಗೋಡೆಗೆ ನಿಲ್ಲಿಸಿದ ಹಾಗೆ, ಹೊಸ ಕಟ್ಟಡದ ಜಗಲಿಯ ಗೋಡೆಗೆ ಅವನ್ನು ನಿಲ್ಲಿಸಲು ಬಿಲ್ಡರನ ಒಪ್ಪಂದದಲ್ಲೇ ಒಂದು ಸಾಲು ಬರೆಸಿಕೊಂಡರಾಯಿತು.

ಪ್ರವಾಸ ಹೊರಡುವವರ ಗಮನಕ್ಕೆ: ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ನೇತ್ರಾವತಿ ಎಕ್ಸ್‌ಪ್ರೆಸ್ ಮಂಗಳೂರು, ಕಾಸರಗೋಡು ಮಾರ್ಗವಾಗಿ ಎರ್ನಾಕುಳಂ, ತಿರುವನಂತಪುರಗಳನ್ನು ತಲುಪುತ್ತದೆ. ಹಿಲ್ ಪ್ಯಾಲೇಸ್, ಕುದಿರಮಾಳಿಗ ಮತ್ತು ನೇಪಿಯರ್ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಆದುದರಿಂದ ಶುಕ್ರವಾರ ಕೊಚ್ಚಿಯಲ್ಲಿರುವಂತೆ ಮಾಡಿಕೊಳ್ಳಬೇಡಿ. ಶನಿವಾರ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ, ಭಾನುವಾರ ಬೆಳಿಗ್ಗೆ ತ್ರಿಪ್ಪೂಣಿತ್ತುರ ಮುಗಿಸಿ ತಿರುವನಂತಪುರದ ರೈಲು ಹಿಡಿದರೆ, ಸೋಮವಾರ ಪದ್ಮನಾಭನ ದರ್ಶನಕ್ಕೆ, ಮಂಗಳವಾರ ಕುದಿರಮಾಳಿಗ ಮತ್ತು ಓಲೆಗರಿ ಸಂಗ್ರಹಾಲಯಕ್ಕೆ ಸಮಯ ಸಿಗುತ್ತದೆ. ದೇವಸ್ಥಾನದೊಳಗೆ ಗಂಡಸರಿಗೆ ಪಂಚೆ ಕಡ್ಡಾಯ, ಅಂಗಿ ತೆಗೆಯಬೇಕು. ಪಂಚೆಯನ್ನು ಮುಂಬಯಿಯಿಂದಲೇ ಒಯ್ಯಿರಿ.